ಹೊಗೆಯ ಬಾಡಿಗೆ

ತಿಪಟೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಹನುಮಂತಯ್ಯನ ಐದು ಮನೆಗಳ ಸಾಲಿತ್ತು. ಒಂದರಲ್ಲಿ ಅವನ ಸಂಸಾರ, ನಾಲ್ಕರಲ್ಲಿ ಬಾಡಿಗೆಯವರು. ಊರಿನಲ್ಲಿ ಅಂಥ ಮನೆಗೆ ನಲವತ್ತು ರೂಪಾಯಿ ನಡೆಯುತ್ತಿದ್ದಾಗ ಅವನು ಇಪ್ಪತ್ತೈದಕ್ಕೇ ಕೊಡುತ್ತಿದ್ದ. ಧರ್ಮಾತ್ಮನೆಂದು ಯಾರೂ ತಪ್ಪು ತಿಳಿಯಬೇಕಾಗಿಲ್ಲ. ಐದೂ ಮನೆಗಳ ನೆತ್ತಿಯ ಮೇಲೆ ಉದ್ದಕ್ಕೂ ಒಂದೇ ಅಟ್ಟ, ಅಟ್ಟದ ತುಂಬ ಹಾಲ್ಕುರಿಕೆಯ ಅವನ ತೋಟದ ತೆಂಗಿನಕಾಯಿ. ಆ ಕಾಯಿ ವರ್ಷವಿಡೀ ಅಲ್ಲೇ ಕೂತು, ಕೆಳಗಿನ ಒಲೆಗಳ ಹೊಗೆ ಕುಡಿದು, ನೀರು ಬತ್ತಿ, ಚಿಪ್ಪಿನೊಳಗೇ ಉಂಡೆ ಕೊಬ್ಬರಿಯಾಗಬೇಕು. ಆದ್ದರಿಂದ ಮನೆ ಕೇಳಲು ಬಂದವರಿಗೆ ಅವನದು ಒಂದೇ ಕರಾರು: ದಿನಕ್ಕೆ ಎರಡು ಹೊತ್ತು ಒಲೆ ಉರಿಯಬೇಕು, ಕಾಯಿಮಟ್ಟೆಯಲ್ಲೇ ಉರಿಯಬೇಕು. ಮಟ್ಟೆಯನ್ನು ಅವನೇ ಪುಕ್ಕಟೆ ಕೊಡುತ್ತಿದ್ದ. ಕಡಿಮೆಯಾದ ಹದಿನೈದು ರೂಪಾಯಿಯನ್ನು ಬಾಡಿಗೆಯವರು ಕಣ್ಣುಜ್ಜಿಕೊಂಡು, ಕೆಮ್ಮಿಕೊಂಡು ತೀರಿಸುತ್ತಿದ್ದರು.

ಪ್ರತಿ ತಿಂಗಳ ಐದನೇ ತಾರೀಕು ಬಾಡಿಗೆ ಎತ್ತುವವಳು ಹೆಂಡತಿ ಪುಟ್ಟಗಂಗಮ್ಮ. ಗಂಡ ಹೋದರೆ ಬಾಡಿಗೆಗಿಂತ ಜಗಳವೇ ಜಾಸ್ತಿ ವಸೂಲಾಗುತ್ತಿತ್ತು. ಅವಳು ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಮಕ್ಕಳ ಜ್ವರ, ಹಸುವಿನ ಕರು, ಸೊಸೈಟಿಯ ಸಕ್ಕರೆ ಎಲ್ಲಾ ವಿಚಾರಿಸಿ, ಏಳುವಾಗ ಒಂದು ಸಲ ಸೂರಿನತ್ತ ಕಣ್ಣು ಹಾಯಿಸುವಳು. ಹೊಗೆ ಕಂಡರೆ ಸರಿ.

ಎಮರ್ಜೆನ್ಸಿ ಕಳೆದು ಮೂರನೇ ವರ್ಷದ ಸಂಕ್ರಾಂತಿ ಆಗಿ ವಾರವಾಗಿತ್ತು. ಕೊನೆ ಮನೆಯ ಅಟ್ಟದ ಕಾಯಿ ಇಳಿಸಿ, ಸುಲಿಸಿ, ಪುಟ್ಟಗಂಗಮ್ಮನೂ ಸೊಸೆ ಹೊಂಬಾಳಮ್ಮನೂ ಹಿತ್ತಲಿನಲ್ಲಿ ಮಚ್ಚು ಹಿಡಿದು ಚಿಪ್ಪು ಬಿಡಿಸಲು ಕೂತಿದ್ದರು. ಮೊದಲನೆಯ ಕಾಯಿ ಕೆಟ್ಟಿತ್ತು. ಎರಡನೆಯದೂ ಕೆಟ್ಟಿತ್ತು. ಇಪ್ಪತ್ತು ಒಡೆದರೂ ಗುಂಡಗಿನ ಕೊಬ್ಬರಿ ಒಂದೂ ಬರಲಿಲ್ಲ. ಎಲ್ಲಾ ಸುಕ್ಕುಗಟ್ಟಿ ಬೂಷ್ಟು ಹಿಡಿದಿದ್ದವು.

ಪುಟ್ಟಗಂಗಮ್ಮ ಒಂದು ಚೂರನ್ನು ಎತ್ತಿಕೊಂಡು ಬಗ್ಗಿಸಿದಳು. ಅದು ಮುರಿಯಲಿಲ್ಲ, ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಬಳುಕಿತು. ಹೊಗೆ ಸಾಲದೆ ಕೆಟ್ಟ ಕಾಯಿಯಾಗಿದ್ದರೆ ಒಳಗೆ ನೀರು ಉಳಿದಿರುತ್ತದೆ, ಇಲ್ಲವೆ ಮೊಳಕೆ ಬಂದಿರುತ್ತದೆ. ಇಲ್ಲಿ ನೀರು ಪೂರಾ ಬತ್ತಿತ್ತು. ತಿರುಳು ಬಳುಕಬೇಕಾದರೆ ಕಾಯಿ ಬಲಿಯುವ ಮೊದಲೇ ಮರದಿಂದ ಇಳಿದಿರಬೇಕು. ಅಂಥದನ್ನು ಎರಡು ವರ್ಷ ಹೊಗೆಯಲ್ಲಿಟ್ಟರೂ ಕೊಬ್ಬರಿಯಾಗುವುದಿಲ್ಲ. ಹೋದ ವರ್ಷ ಹನುಮಂತಯ್ಯ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಈ ಕೊನೆಯ ಅಟ್ಟಕ್ಕೆ ಕಾಯಿ ತುಂಬಿಸಿದವನು ಮಗ ಚಿಕ್ಕರಂಗಯ್ಯ, ಮನೆಯವರ ಬಾಯಲ್ಲಿ ರಂಗ.

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಲಿಲ್ಲ.

ಅಷ್ಟರಲ್ಲಿ ಹನುಮಂತಯ್ಯ ಬಂದ. ರಾಶಿ ಕಂಡು ನಿಂತ. "ಏನಿದು?"

"ಕೆಟ್ಟೋಗವೆ," ಎಂದಳು ಪುಟ್ಟಗಂಗಮ್ಮ.

"ಎಷ್ಟು?"

"ಎಲ್ಲಾ."

ಅವನು ರಾಶಿಯನ್ನು ಕಾಲಿನಿಂದ ಒದ್ದ. ಒಂದು ಚೂರನ್ನು ಕೈಯಲ್ಲಿ ಹಿಡಿದು ಬಗ್ಗಿಸಿದ್ದರೆ ಅವನಿಗೂ ಆ ಕ್ಷಣವೇ ತಿಳಿಯುತ್ತಿತ್ತು. ಕೊಬ್ಬರಿಯಲ್ಲಿ ಅವನು ಹೆಂಡತಿಗಿಂತ ಪಳಗಿದವನು. ಆದರೆ ಸಿಟ್ಟು ಬಂತೆಂದರೆ ಕೈಗೆ ಬೇರೆಯೇ ಕೆಲಸ ಹೇಳುವ ಮನುಷ್ಯ. ನೇರ ಕೊನೆ ಮನೆಗೆ ನುಗ್ಗಿದ. ಆ ಮನೆಯಲ್ಲಿದ್ದವನು ಹಂದನಕೆರೆ ಕಡೆಯ ಕೆಂಚಪ್ಪ, ಕಾಲೇಜಿನಲ್ಲಿ ಜವಾನ. ಅವನ ಹೆಂಡತಿ ಮರಿಯಮ್ಮನಿಗೆ ಉಬ್ಬಸ. ಗೋಡೆಯ ಮೂಲೆಯಲ್ಲಿ, ಗೋಣಿತಾಟಿನ ಮರೆಯಲ್ಲಿ, ಒಂದು ಸೀಮೆಎಣ್ಣೆ ಸ್ಟವ್ ಹನುಮಂತಯ್ಯನ ಕಣ್ಣಿಗೆ ಬಿತ್ತು.

"ಓಹೋ! ಸ್ಟವ್ವು! ನನ್ನ ಅಟ್ಟದ ಕೆಳಗೆ ಸ್ಟವ್ವು!"

"ಯಜಮಾನ್ರೆ, ಬೆಳಿಗ್ಗೆ ಒಲೇನೇ ಹಚ್ತೀವಿ. ಇವಳಿಗೆ ಉಸ್ರಾಟ ಕಷ್ಟ. ಡಾಕ್ಟ್ರು ಹೇಳವ್ರೆ ಅಂತ ಸಂಜೆ ಒಂದೊತ್ತು..." ಕೆಂಚಪ್ಪ ಕೈ ಮುಗಿದುಕೊಂಡೇ ಹೇಳುತ್ತಿದ್ದ.

ಹನುಮಂತಯ್ಯ ಸ್ಟವ್ ಎತ್ತಿ ಬೀದಿಯ ಕಲ್ಲುಚಪ್ಪಡಿಗೆ ಅಪ್ಪಳಿಸಿದ. ಸೀಮೆಎಣ್ಣೆ ಮರಿಯಮ್ಮನ ಸೀರೆಗೆಲ್ಲ ಸಿಡಿಯಿತು. ಆಮೇಲೆ ಕೆಂಚಪ್ಪನ ಕೆನ್ನೆಗೆ ಎರಡು ಬಿಗಿದ. ಗಲ್ಲಿಯ ಜನ ಬಾಗಿಲಿಗೆ ಬಂದು ನೋಡಿದರು. ಉಳಿದ ಮೂರು ಬಾಡಿಗೆ ಮನೆಯವರು ಮಾತ್ರ ಒಳಗೆ ಹೋಗಿ, ಒಲೆಗೆ ಇನ್ನೆರಡು ಮಟ್ಟೆ ತುರುಕಿದರು.

ಪುಟ್ಟಗಂಗಮ್ಮ ಹಿತ್ತಲಿನಲ್ಲಿ ಆ ಬಳುಕುವ ಚೂರುಗಳನ್ನೆಲ್ಲ ಮಂಕರಿಗೆ ತುಂಬಿ ನೀರೊಲೆಗೆ ಸುರಿದಳು. ಎಣ್ಣೆಯ ಜಿಡ್ಡಿದ್ದ ಕಡೆ ಉರಿದು, ಉಳಿದದ್ದು ಕಪ್ಪಗೆ ಕರಕಲಾಯಿತು. ಒಡೆಯದೆ ಉಳಿದ ರಾಶಿಯನ್ನೂ ದಿನಕ್ಕಿಷ್ಟರಂತೆ ಇದೇ ಒಲೆಗೆ ಹಾಕಿ ಮುಗಿಸಬೇಕೆಂದುಕೊಂಡಳು. ಮಗ ಬಚ್ಚಲ ಬಾಗಿಲಲ್ಲಿ ನಿಂತಿದ್ದ.

"ಬಲಿತ ಕಾಯೆಲ್ಲ ಎಲ್ಲಿಗೋಯ್ತ್ಲಾ?" ಎಂದು ಪಿಸುಗುಟ್ಟಿದಳು.

"ಅರಸೀಕೆರೆ ಲಾರಿಯೋನ್ಗೆ ತೋಟದಾಗೇ ಹಾಕ್ದೆ. ಇಸ್ಪೀಟ್ನಾಗೆ ಸೋತಿದ್ದೆ ಕಣವ್ವ. ಅಟ್ಟ ಬರಿದಾಗಿ ಕಾಣ್ಬಾರ್ದು ಅಂತ ಎಳೇವು ಕೀಳಿಸಿ ತುಂಬ್ದೆ."

"ನಿಮ್ಮಪ್ಪಂಗೆ ಗೊತ್ತಾದ್ರೆ ಸಿಗಿದು ತೋರಣ ಕಟ್ತಾರೆ."

"ಗೊತ್ತಾಗಾಕಿಲ್ಲ, ನೀನು ಬಾಯಿ ಬುಡ್ದಿದ್ರೆ."

ಅವಳು ಬಾಯಿ ಬಿಡಲಿಲ್ಲ. ಹನುಮಂತಯ್ಯ ಹೊಡೆಯಲು ನಿಂತರೆ ಲೆಕ್ಕವಿಡುವವನಲ್ಲ. ರಂಗ ಹತ್ತು ವರ್ಷದವನಿದ್ದಾಗ ಕರು ಹಾಲು ಕುಡಿದುಬಿಟ್ಟಿತೆಂಬ ತಪ್ಪಿಗೆ ಅವನನ್ನು ತೆಂಗಿನ ಮರಕ್ಕೆ ಕಟ್ಟಿ, ಹಸಿ ಗರಿಯ ದಿಂಡಿನಲ್ಲಿ ಚರ್ಮ ಸುಲಿಯುವಂತೆ ಬಾರಿಸಿದ್ದ. ಬಿಡಿಸಲು ಹೋದ ಪುಟ್ಟಗಂಗಮ್ಮನ ಎಡಗೈ ಕಿರುಬೆರಳು ಅವತ್ತಿನಿಂದ ನೆಟ್ಟಗಾಗಿರಲಿಲ್ಲ. ಅಂಥದರಲ್ಲಿ ಸಾವಿರದ ಇನ್ನೂರು ಕಾಯಿಯ ಮಾತು! ಪರರ ಮನೆಯವನು ಎರಡು ಏಟು ತಿಂದಿದ್ದಾನೆ, ಒಂದು ವಾರದಲ್ಲಿ ತಣ್ಣಗಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಊಟಕ್ಕೆ ಕೂತಾಗ ಹನುಮಂತಯ್ಯ ತೀರ್ಪು ಕೊಟ್ಟ. "ಸಾವಿರದಿನ್ನೂರು ಕಾಯಿ ದುಡ್ಡು ಕಕ್ಕಲಿ, ಇಲ್ಲಾ ಮನೆ ಬುಟ್ಟು ಹೋಗಲಿ."

"ಜವಾನ ಕಣ್ರೀ ಅವ್ನು. ಅಷ್ಟು ಎಲ್ಲಿಂದ ತತ್ತಾನೆ?" ಎಂದಳು ಪುಟ್ಟಗಂಗಮ್ಮ.

"ನೀನು ಸಾರು ಬಡಿಸೆ."

"ಬುಡಪ್ಪ, ನಾನು ನೋಡ್ಕತೀನಿ ಅವುನ್ನ," ಎಂದ ರಂಗ. ತಂದೆ ಮಗನನ್ನು ಮೆಚ್ಚಿ ನೋಡಿದ್ದು ಆ ಮನೆಯಲ್ಲಿ ಅಪರೂಪ. ಅವತ್ತು ನೋಡಿದ. ಹೊಂಬಾಳಮ್ಮ ಸಾರಿನ ಸೌಟನ್ನು ಪಾತ್ರೆಗೆ ಠಣ್ಣೆಂದು ಬಿಟ್ಟು ಒಳಗೆ ಹೋದಳು.

ಐದನೇ ತಾರೀಕು ಪುಟ್ಟಗಂಗಮ್ಮ ಬಾಡಿಗೆಗೆ ಹೋದಳು. ಕೊನೆ ಮನೆಯಲ್ಲಿ ಕಣ್ಣು ಬಿಡಲಾಗದಷ್ಟು ಹೊಗೆ. ಮರಿಯಮ್ಮ ಒಲೆಯ ಮುಂದೆ ಕೂತು, ಒಂದು ಕೈಯಲ್ಲಿ ಎದೆ ಒತ್ತಿಕೊಂಡು, ಇನ್ನೊಂದರಲ್ಲಿ ಮಟ್ಟೆ ನೂಕುತ್ತಿದ್ದಳು. ಉಸಿರು ಎಳೆದಾಗಲೆಲ್ಲ ಗಂಟಲಲ್ಲಿ ಸಿಳ್ಳೆಯಂಥ ಸದ್ದು.

"ನೋಡ್ರಕ್ಕ, ಎರಡೊತ್ತೂ ಉರಿಸ್ತಿದೀನಿ. ನಿಮ್ಮ ಯಜಮಾನ್ರಿಗೆ ಒಂದು ಮಾತು ಹೇಳಿ. ನೀವೇಳಿದ್ರೆ ಕೇಳ್ತಾರೆ."

ಮೂವತ್ತು ವರ್ಷದಲ್ಲಿ ಅವಳು ಹೇಳಿದ್ದನ್ನು ಹನುಮಂತಯ್ಯ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. "ಹೇಳ್ತೀನಿ ಕಣವ್ವ, ಹೇಳ್ತೀನಿ," ಎಂದಳು. ಇಪ್ಪತ್ತೈದು ರೂಪಾಯಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಆವತ್ತು ಎಲೆ ಅಡಿಕೆ ಹಾಕಿಕೊಳ್ಳಲಿಲ್ಲ, ಕೂರಲೂ ಇಲ್ಲ.

ಹನುಮಂತಯ್ಯ ಆ ಹಣ ಕಂಡು ಕೆಂಡವಾದ. "ಬಾಡಿಗೆ ಇಸ್ಕಂಡ್ರೆ ಬಾಡಿಗೆದಾರ ಅಂತ ಆಯ್ತಲ್ಲೇ, ದಡ್ಡಿ! ಇಕ್ಕಡೆ ತಾ." ತಾನೇ ಹೋಗಿ ನೋಟುಗಳನ್ನು ಕೆಂಚಪ್ಪನ ಮುಖಕ್ಕೆ ಎಸೆದು ಬಂದ. ನಾಲ್ಕನೇ ದಿನ ಪೋಸ್ಟ್‌ಮ್ಯಾನ್ ಮನಿಯಾರ್ಡರ್ ಹಿಡಿದು ಬಾಗಿಲಿಗೆ ಬಂದ. ಅದೇ ಇಪ್ಪತ್ತೈದು ರೂಪಾಯಿ, ಕೆಂಚಪ್ಪ ಕಳಿಸಿದ್ದು. ಕಾಲೇಜಿನ ಗುಮಾಸ್ತರು ಯಾರೋ ಹೇಳಿಕೊಟ್ಟಿರಬೇಕು.

ಮನೆ ಬಾಡಿಗೆಗೆ ಕೊಟ್ಟವರಿಗೆ ಮನಿಯಾರ್ಡರ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬಾಡಿಗೆ ಕೊಡಲು ಹೋಗಿದ್ದೆ ಎಂಬುದಕ್ಕೆ ಅಂಚೆಯ ರಸೀತಿಯೇ ಸಾಕ್ಷಿ, ಮುಂದಿನ ಮೆಟ್ಟಿಲು ಕೋರ್ಟು.

"ಕೋರ್ಟಿಗೋಯ್ತಾನಂತಾ? ನನ್ನ ಮೇಲೆ?" ಹನುಮಂತಯ್ಯ ಪೋಸ್ಟ್‌ಮ್ಯಾನನ್ನೂ ಬೈದು ಓಡಿಸಿದ. "ರಂಗ! ಬಾಗಿಲು ಕಿತ್ಕಂಡು ಬಾರ್ಲಾ."

ರಂಗ ಹಾರೆ ತೆಗೆದುಕೊಂಡು ಹೋದ. ಮಟಮಟ ಮಧ್ಯಾಹ್ನ ಕೊನೆ ಮನೆಯ ಕದವನ್ನು ಕೀಲು ಸಮೇತ ಮೀಟಿ, ಹೊತ್ತು ತಂದು ದನದ ಕೊಟ್ಟಿಗೆಗೆ ಹಾಕಿದ. ಒಳಗೆ ಒಬ್ಬಳೇ ಇದ್ದ ಮರಿಯಮ್ಮ ಕದ ಹಿಡಿದುಕೊಂಡಳಂತೆ. ಇವನು ಕದದ ಜೊತೆಗೇ ಅವಳನ್ನು ಮೆಟ್ಟಿಲವರೆಗೆ ಎಳೆದು ತಂದು ಉದುರಿಸಿದನಂತೆ. ಗಲ್ಲಿಯ ಹೆಂಗಸರು ಬಾವಿಯ ಹತ್ತಿರ ಹಾಗೆ ಆಡಿಕೊಳ್ಳುತ್ತಿದ್ದವರು ಪುಟ್ಟಗಂಗಮ್ಮನ ಕೊಡ ಕಂಡು ಸುಮ್ಮನಾದರು.

ಅವಳಿಗೆ ತಿಳಿಯದ ವಿಷಯವೆಂದರೆ, ಮಗ ಯಾಕೆ ತಂದೆಗಿಂತ ಜೋರಾಗಿ ಹಾರಾಡುತ್ತಿದ್ದಾನೆ ಎಂಬುದು. ಹೆದರಿದವನು ಮೂಲೆ ಸೇರಬೇಕಲ್ಲ. ಇವನು ದಿನಕ್ಕೆರಡು ಸಲ ಕೊನೆ ಮನೆಯ ಮುಂದೆ ನಿಂತು, ಅವ್ವ ಅಕ್ಕನನ್ನೂ ಬಿಡದೆ ಬೈದು ಬರುತ್ತಿದ್ದ. ಬೈದು ಬಂದ ಮೇಲೆ ಚೆನ್ನಾಗಿ ಉಣ್ಣುತ್ತಿದ್ದ. ಅದು ಅವಳಿಗೆ ಹೇಸಿಗೆಯಾಯಿತು. ಹೆತ್ತ ಮಗನ ಬಗ್ಗೆ ಅಂಥದೊಂದು ಹೇಸಿಗೆ ಹುಟ್ಟಿದ್ದಕ್ಕೆ ತನ್ನ ಮೇಲೂ ಹೇಸಿಗೆಯಾಯಿತು.

ಕದವಿಲ್ಲದ ಬಾಗಿಲಿಗೆ ಕೆಂಚಪ್ಪ ಗೋಣಿಚೀಲ ಹೊಲಿದು ಕಟ್ಟಿದ. ರಂಗ ಕಿತ್ತ. ಕೆಂಚಪ್ಪ ಮತ್ತೆ ಕಟ್ಟಿದ. ಕಾಯಿ ಒಡೆದು ನಾಲ್ಕು ವಾರವಾದ ಸೋಮವಾರ, ಕಾಲೇಜಿಗೆ ಹೊರಡುವ ಹೊತ್ತಿಗೆ, ಕೆಂಚಪ್ಪ ಚೀಲಕ್ಕೆ ಮೊಳೆ ಹೊಡೆಯುತ್ತಿದ್ದಾಗ ರಂಗ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡ.

"ಮನೆ ಬುಡ್ತೀಯೋ ಇಲ್ವೋ?"

"ನಿಮ್ಮ ಕಾಯಿ ಕೆಟ್ಟಿದ್ದು ನನ್ನಿಂದಲ್ಲ ಕಣಪ್ಪ. ಮಂಜುನಾಥನ ಆಣೆ. ಒಂದೊತ್ತಿನ ಹೊಗೆ ತಪ್ಪಿದ್ರೆ ಇಡೀ ಅಟ್ಟ ಕೆಡ್ತದಾ? ನಾನೂ ತೆಂಗಿನ ಸೀಮೆಯೋನೇಯ. ಆ ಕಾಯಿ ಒಂದ್ಸಲ ನಂಗೆ ತೋರ್ಸಿ ಅಂದ್ರೆ ಯಾಕೆ ತೋರಿಸಾಕಿಲ್ಲ ನೀವು?"

ರಂಗನಿಗೆ ಬೇಡವಾಗಿದ್ದ ಮಾತೇ ಅದು. ಸುತ್ತಿಗೆಯನ್ನು ಬೀಸಿದ. ತಲೆಗೆ ಬೀಳಬೇಕಾದದ್ದು ಕೆಂಚಪ್ಪ ಅಡ್ಡ ಹಿಡಿದ ಕೈಗೆ ಬಿತ್ತು. ಮೂಳೆ ಮುರಿದ ಸದ್ದು ನಾಲ್ಕು ಮನೆ ಆಚೆ, ರಾಗಿ ಕೇರುತ್ತಿದ್ದ ಪುಟ್ಟಗಂಗಮ್ಮನ ಕಿವಿಗೂ ಬಿತ್ತು. ಒಣಗಿದ ಗರಿದಿಂಡು ಮುರಿದರೇನೋ ಎಂದುಕೊಂಡಳು. ಮರಿಯಮ್ಮನ ಕೂಗು ಕೇಳಿದ ಮೇಲೆ ಮೊರ ಕೈಯಿಂದ ಜಾರಿತು.

ಆವತ್ತು ಮಧ್ಯಾಹ್ನ ಹೊಂಬಾಳಮ್ಮ ಯಾರಿಗೂ ಹೇಳದೆ ತಟ್ಟೆಗೆ ಅನ್ನ ಸಾರು ಹಾಕಿಕೊಂಡು ಕೊನೆ ಮನೆಗೆ ಹೊರಟಳು. ಕೆಂಚಪ್ಪ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದು ಮಲಗಿದ್ದ, ಮರಿಯಮ್ಮ ಒಲೆ ಹಚ್ಚಿರಲಿಲ್ಲ. ರಂಗ ಬೀದಿಯಲ್ಲೇ ಹೆಂಡತಿಯನ್ನು ಅಡ್ಡಗಟ್ಟಿದ.

"ಎಲ್ಲಿಗೆ?"

"ಹಸಿದೋರಿಗೆ ಕೊಟ್ಟು ಬತ್ತೀನಿ."

ಅವನು ತಟ್ಟೆ ಒದ್ದ. ಜುಟ್ಟು ಹಿಡಿದು ಮನೆಯೊಳಕ್ಕೆ ಎಳೆತಂದು, ಮೂಲೆಯಲ್ಲಿದ್ದ ಗರಿದಿಂಡು ತೆಗೆದುಕೊಂಡ. ಹೊಂಬಾಳಮ್ಮ ಕೂಗಿದಳು: "ಹೊಡಿ! ಚೆನ್ನಾಗಿ ಹೊಡಿ! ಎಳೆಗಾಯಿ ತುಂಬ್ದೋನು ನೀನು, ಏಟು ತಿನ್ನೋರು..."

ಮಾತು ಮುಗಿಯುವುದರೊಳಗೆ ಪುಟ್ಟಗಂಗಮ್ಮ ಓಡಿಬಂದು ಸೊಸೆಯ ಬಾಯಿ ಮುಚ್ಚಿದಳು. ಪಡಸಾಲೆಯಲ್ಲಿ ಹನುಮಂತಯ್ಯ ಮಲಗಿದ್ದ. ಅವನ ನಿದ್ದೆ ಕೆಡಬಾರದಿತ್ತು. ಎರಡು ಕೈಯಿಂದಲೂ ಬಾಯಿ ಒತ್ತಿಹಿಡಿದಳು. ರಂಗ ಬಾರಿಸುತ್ತಲೇ ಇದ್ದ. ಒಂದೊಂದು ಏಟಿಗೂ ಸೊಸೆಯ ಹಲ್ಲು ಅತ್ತೆಯ ಅಂಗೈಗೆ ಒತ್ತುತ್ತಿತ್ತು. ಆರು ಏಟು, ಏಳು ಏಟು. ಕಡೆಗೆ ದಿಂಡೇ ಮುರಿದು ಅವನು ಹೊರಗೆ ಹೋದ.

ಕೈ ತೆಗೆದಾಗ ಅಂಗೈಯಲ್ಲಿ ರಕ್ತವಿತ್ತು. ಯಾರದೆಂದು ಗೊತ್ತಾಗಲಿಲ್ಲ.

ಹೊಂಬಾಳಮ್ಮ ಅಳಲಿಲ್ಲ. ರವಿಕೆ ಸರಿಮಾಡಿಕೊಂಡು, "ಅತ್ತೆಮ್ಮ," ಎಂದಳು, "ಅವ್ರು ಹೊಡೆದಿದ್ದು ನಂಗೆ ನೋವಾಗ್ಲಿಲ್ಲ ಕಣ್ರೀ. ನೀವು ನನ್ನ ಹಿಡ್ಕಂಡು ಹೊಡೆಸಿದ್ರಿ."

ಪುಟ್ಟಗಂಗಮ್ಮ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ನೀರೊಲೆಯ ಮುಂದೆ ಹೋಗಿ ಕೂತಳು. ನಾಲ್ಕು ವಾರದ ಹಿಂದೆ ತನ್ನ ಕೈಯಾರೆ ಸುಟ್ಟದ್ದು ಕಾಯಿ ಚೂರುಗಳಲ್ಲ, ಬಡವನೊಬ್ಬನ ಸಾಕ್ಷಿ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಈಗ ಅದನ್ನು ಬಾಯಿಬಿಟ್ಟು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮೇಲೆ ಕೂರಲಾಗಲಿಲ್ಲ.

ಸಂಜೆ ತಂದೆ ಮಗ ಕೈ ತೊಳೆದು ತಟ್ಟೆಯ ಮುಂದೆ ಕೂತರು. ನಾಳೆ ಕೊನೆ ಮನೆಯ ಹೆಂಚು ಇಳಿಸುವ ಮಾತು ನಡೆದಿತ್ತು. ಆಳು ಎಷ್ಟು ಬೇಕು, ಕೂಲಿ ಎಷ್ಟು ಎಂದು ಹನುಮಂತಯ್ಯ ಹೇಳುತ್ತಿದ್ದ. ಪುಟ್ಟಗಂಗಮ್ಮ ಮುದ್ದೆ ಬಡಿಸಲಿಲ್ಲ. ಕೊನೆಯ ಅಟ್ಟದ ಮೂಲೆಯಲ್ಲಿ ಇಳಿಸದೆ ಉಳಿದಿದ್ದ ಅದೇ ರಾಶಿಯ ಒಂದು ಕಾಯಿಯನ್ನು ಹುಡುಕಿ ಇಳಿಸಿ ಸುಲಿದಿಟ್ಟಿದ್ದಳು. ಗಂಡನ ತಟ್ಟೆಯಲ್ಲೇ ಅದನ್ನು ಮಚ್ಚಿನಿಂದ ಒಡೆದಳು.

"ಏನೇ ಇದು, ಹುಚ್ಚು ಹಿಡೀತಾ?"

"ಬಗ್ಗಿಸಿ ನೋಡಿ."

ಹನುಮಂತಯ್ಯ ಚೂರು ಎತ್ತಿಕೊಂಡು ಬಗ್ಗಿಸಿದ. ಇನ್ನೊಂದನ್ನೂ ಬಗ್ಗಿಸಿದ. ನಿಧಾನವಾಗಿ ಅವನ ಮುಖ ಬಣ್ಣಗೆಟ್ಟಿತು. "ಎಳೆಗಾಯಿ," ಎಂದ.

"ಹೂಂ. ಒಲೆ ತಪ್ಪಲ್ಲ, ಸ್ಟವ್ವಿನ ತಪ್ಪಲ್ಲ. ನೀವು ಆಸ್ಪತ್ರೆಯಾಗಿದ್ದಾಗ ಇವ್ನು ಬಲಿತ ಕಾಯಿ ಮಾರ್ಕಂಡು ಇಸ್ಪೀಟಾಡವ್ನೆ. ನಂಗೆ ಗೊತ್ತಿತ್ತು."

ಹೇಳಿದವಳೇ ಅವಳು ಗಂಡನಿಗೂ ಮಗನಿಗೂ ನಡುವೆ ಬಂದು ನಿಂತಳು. ಮೈಯೆಲ್ಲ ಕಲ್ಲು ಮಾಡಿಕೊಂಡಿದ್ದಳು. ಇಷ್ಟು ದಿನ ಯಾವುದಕ್ಕೆ ಹೆದರಿದ್ದಳೋ ಅದು ಈಗ ಆಗುತ್ತದೆ. ಆದಷ್ಟು ಏಟು ತನ್ನ ಮೇಲೇ ಬೀಳಲಿ ಎಂದುಕೊಂಡಳು. ಹನುಮಂತಯ್ಯ ಎದ್ದ. ಹೆಂಡತಿಯನ್ನು ಪಕ್ಕಕ್ಕೆ ತಳ್ಳಿ, ಮಗನ ಮೇಲೆ ಕೈ ಎತ್ತಿದ.

ರಂಗ ಆ ಕೈಯನ್ನು ಗಾಳಿಯಲ್ಲೇ ಹಿಡಿದ. ಹಿಡಿಯಲು ಕೂತಲ್ಲಿಂದ ಏಳಲೂ ಇಲ್ಲ. ಆಮೇಲೆ ಎದ್ದ. ತಂದೆಗಿಂತ ಒಂದು ಗೇಣು ಎತ್ತರವಿದ್ದ.

"ಮುಟ್ಟಿದ್ರೆ ನೋಡು," ಎಂದ. ಹನುಮಂತಯ್ಯ ಬಿಡಿಸಿಕೊಳ್ಳಲು ಎಳೆದಾಡಿದ. ರಂಗ ಅವನ ಎದೆಗೆ ಗುದ್ದಿದ, ಮುಖಕ್ಕೆ ಗುದ್ದಿದ. ಅರವತ್ತರ ಮನುಷ್ಯ, ಹೊಟ್ಟೆ ಕುಯ್ಯಿಸಿಕೊಂಡು ಒಂದು ವರ್ಷವಾಗಿತ್ತು. ಒರಳುಕಲ್ಲಿನ ಮೇಲೆ ಹೋಗಿ ಬಿದ್ದ. ಬಿದ್ದವನ ಪಕ್ಕೆಗೆ ರಂಗ ಎರಡು ಸಲ ಒದ್ದ. ಹೊಂಬಾಳಮ್ಮ ಬಂದು ತಂಬಿಗೆ ಎಸೆದ ಮೇಲೆ ಬಿಟ್ಟು, ಗೂಟದ ಮೇಲಿದ್ದ ಅಂಗಿ ಹಾಕಿಕೊಂಡು ಬೀದಿಗೆ ಇಳಿದು ಹೋದ. ಹನುಮಂತಯ್ಯನ ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಬಂತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಂಡತಿಯ ಕಡೆ ನೋಡಿದ. ಆ ನೋಟದಲ್ಲಿ ಹೆದರಿಕೆಯಿತ್ತು. ಅವಳು ಅಂಥದನ್ನು ಆ ಕಣ್ಣುಗಳಲ್ಲಿ ಯಾವತ್ತೂ ಕಂಡಿರಲಿಲ್ಲ.

ಪುಟ್ಟಗಂಗಮ್ಮ ನೀರು ತಂದು ಅವನ ಬಾಯಿ ತೊಳೆದಳು. ಮಗನನ್ನು ಕೊಲ್ಲುತ್ತಾನೆಂದು ಹೆದರಿ ಹೆದರಿ, ನಾಲ್ಕು ವಾರ ಒಂದು ಸಂಸಾರವನ್ನು ಬೀದಿಗೆ ಬೀಳಲು ಬಿಟ್ಟಿದ್ದಳು. ಕೊಲ್ಲುವ ಗಂಡ ಯಾವಾಗಲೋ ಮುದುಕನಾಗಿದ್ದ. ಮರಕ್ಕೆ ಕಟ್ಟಿಸಿಕೊಂಡ ಹುಡುಗ ಎಂದೋ ಬೆಳೆದುಬಿಟ್ಟಿದ್ದ. ಮೂರು ಹೊತ್ತೂ ಅವರಿಬ್ಬರಿಗೂ ಉಣ್ಣಲು ಇಕ್ಕುತ್ತಿದ್ದವಳಿಗೆ ಅದು ಕಂಡಿರಲಿಲ್ಲ.

ಬೆಳಿಗ್ಗೆ ಕೊನೆ ಮನೆಯ ಮುಂದೆ ಎತ್ತಿನಗಾಡಿ ನಿಂತಿತ್ತು. ಕೆಂಚಪ್ಪ ಕೊರಳಿಗೆ ಕೈ ಜೋತುಹಾಕಿಕೊಂಡು, ಇರುವ ಒಂದೇ ಕೈಯಲ್ಲಿ ಹಗ್ಗ ಬಿಗಿಯುತ್ತಿದ್ದ. ಮರಿಯಮ್ಮ ಕೊಡ ಹೊತ್ತು ತರುತ್ತಿದ್ದಳು. ಪುಟ್ಟಗಂಗಮ್ಮ ಓಡುವ ಹಾಗೆ ನಡೆದು ಹೋದಳು.

"ಹೋಗಬ್ಯಾಡ್ರವ್ವ. ಕದ ಈಗ್ಲೇ ಹಾಕಿಸ್ತೀನಿ. ಇನ್ಮೇಲೆ ಸ್ಟವ್ವೇ ಹಚ್ಕಳಿ. ಯಾರೂ ನಿಮ್ಮನ್ನ ಒಂದು ಮಾತು ಅನ್ನಾಕಿಲ್ಲ. ಆ ಕಾಯಿ ಕೆಟ್ಟಿದ್ದು ನಿಮ್ಮಿಂದಲ್ಲ, ನನ್ನ ಮಗ ಎಳೇವು ತುಂಬಿದ್ದ."

ಕೆಂಚಪ್ಪನ ಕೈಯಲ್ಲಿ ಹಗ್ಗ ನಿಂತಿತು. ಮರಿಯಮ್ಮ ಕೊಡ ಕೆಳಗಿಟ್ಟಳು.

"ನಿಮಗೆ ಯಾವತ್ತು ಗೊತ್ತಾಯ್ತಕ್ಕ?"

ನಿನ್ನೆ ಎನ್ನಬಹುದಿತ್ತು. ನಿನ್ನೆ ಸಂಜೆ ಆ ಮನೆಯ ರಂಪ ಗಲ್ಲಿಗೆಲ್ಲ ಕೇಳಿತ್ತು, ಎಲ್ಲರೂ ನಂಬುತ್ತಿದ್ದರು.

"ಕಾಯಿ ಒಡೆದ ದಿನಾನೇ," ಎಂದಳು ಪುಟ್ಟಗಂಗಮ್ಮ.

ಮರಿಯಮ್ಮ ಹತ್ತಿರ ಬಂದು ಅವಳ ಕೆನ್ನೆಗೆ ಹೊಡೆದಳು. ಗಾಡಿಯವನು "ಏ, ಏ" ಎಂದ. ಇನ್ನೊಂದು ಹೊಡೆದಳು. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂದು ಬಗ್ಗಿಹೋದಳು. ಉಸಿರು ಸಿಗದೆ ಮುಖ ನೀಲಿಗಟ್ಟಿತು. ಪುಟ್ಟಗಂಗಮ್ಮ ಅವಳು ಬೀಳದ ಹಾಗೆ ತೋಳು ಸುತ್ತಿ ಹಿಡಿದುಕೊಂಡು ಬೆನ್ನು ನೀವಿದಳು. ಕೆಮ್ಮಿನ ನಡುವೆಯೇ ಮರಿಯಮ್ಮ ಅವಳ ಹೆಗಲಿಗೆ, ಎದೆಗೆ ಗುದ್ದುತ್ತಿದ್ದಳು. ಗುದ್ದಿನಲ್ಲಿ ಬಲವಿರಲಿಲ್ಲ. ಪುಟ್ಟಗಂಗಮ್ಮ ಬಿಡಲಿಲ್ಲ, ನೀವುತ್ತಲೇ ಇದ್ದಳು. ಬಾವಿಯ ಹತ್ತಿರದ ಹೆಂಗಸರು ಕೊಡ ಇಳಿಸಿ ನೋಡುತ್ತಿದ್ದರು.

ಕೆಮ್ಮು ನಿಂತಿತು. ಮರಿಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಉಸಿರು ಪೂರ್ತಿ ಎಳೆದುಕೊಂಡು, ಮತ್ತೆ ಹೊಡೆದಳು.